ಗೆರಟೆ ಕೆಂಡದ ಬೆಸುಗೆ

ಮೊನ್ನೆ ಬೆಳಿಗ್ಗೆ ದೋಸೆ ಕಾವಲಿಗೆ ತೆಂಗಿನೆಣ್ಣೆ ಸವರಿ ಒಲೆಯ ಮೇಲಿಟ್ಟಿದ್ದೆ. ಅಷ್ಟರಲ್ಲಿ ಗೇಟಿನಲ್ಲಿ ಮೀನಿನವಳು ಕೂಗಿದಳು. ಬಂಗುಡೆ ಇವತ್ತಿನದೋ ನಿನ್ನೆಯದೋ ಎಂಬ ವಾದದಲ್ಲಿ ಕಾವಲಿ ಮರೆತೇ ಹೋಯಿತು. ಒಳಗೆ ಬಂದಾಗ ಅಡುಗೆಮನೆಯ ತುಂಬ ಹೊಗೆ. ನಮ್ಮವರು ಪೇಪರ್ ಬೀಸುತ್ತ, ಮನೆ ಸುಡುವ ಅಂದಾಜೇ ಎಂದು ಕೂಗಾಡುತ್ತಿದ್ದರು. ಬೇರೆ ದಿನವಾಗಿದ್ದರೆ, ಗ್ಯಾಸ್ ಬಂದ್ ಮಾಡಲು ನಿಮಗೆ ಕೈ ಇರಲಿಲ್ಲವೇ ಎಂದು ನಾನೂ ಬಿಡುತ್ತಿರಲಿಲ್ಲ. ಅವತ್ತು ಮಾತ್ರ ಬಾಯಿ ಬರಲಿಲ್ಲ. ಕರಟಿದ ಎಣ್ಣೆಯ ಆ ವಾಸನೆಯಲ್ಲಿ ಪಕ್ಕದ ಮನೆಯ ಅಕ್ಕ ಬಂದು ಕುಳಿತ ಹಾಗಾಯಿತು... ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, "ಟಾರ್ಚ್ ಸರಿ ಹಿಡಿ ಮಾರಾಯ್ತಿ, ಆರತಿ ಎತ್ತುದಲ್ಲ" ಎಂದು ನನ್ನನ್ನು ಗದರಿಸುತ್ತ.

ಅಕ್ಕ ಎಂದರೆ ಸಂಬಂಧವೇನೂ ಇಲ್ಲ. ಕಾವೂರಿನ ಕೆರೆಯ ಕಡೆಯಿಂದ ಮೇಲೆ ಬರುವ ಏರಿನ ನಡುವೆ ನಮ್ಮ ಮನೆ, ಅದಕ್ಕೆ ತಾಗಿ ಅವರದು. ಮಧ್ಯೆ ಎದೆಯೆತ್ತರದ ಒಂದು ಕಾಂಪೌಂಡ್ ಗೋಡೆ. ನಮ್ಮ ಮನೆಯೊಳಗೆ ಕೊಂಕಣಿ, ಅವರ ಮನೆಯೊಳಗೆ ತುಳು, ಗೋಡೆಯ ಮೇಲೆ ಕನ್ನಡ. ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಅವರಿಗೆ ನಲವತ್ತು ದಾಟಿರಬೇಕು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲು ಸೊರಗಿತ್ತು. ಕಂಕುಳಲ್ಲಿ ಊರುಗೋಲು ಇಲ್ಲದೆ ನಡೆಯುವಂತಿರಲಿಲ್ಲ. ಮದುವೆ ಆಗಿರಲಿಲ್ಲ. ಅಣ್ಣನದು ತೊಕ್ಕೊಟ್ಟಿನಲ್ಲಿ ಹೋಟೆಲು, ಹೆಂಡತಿ ಮಕ್ಕಳೊಡನೆ ವಾಸವೂ ಅಲ್ಲೇ. ಕಾವೂರಿನ ಮನೆಯಲ್ಲಿ ಅಕ್ಕ ಒಬ್ಬರೇ ಇದ್ದರು.

ಒಬ್ಬರೇ ಇದ್ದಾರೆಂದು ಕನಿಕರ ತೋರಿಸಲು ಹೋದವರಿಗೆ ಸರಿಯಾಗಿ ಬೀಳುತ್ತಿತ್ತು. ನನಗೂ ಒಮ್ಮೆ ಬಿದ್ದಿದೆ. ಮದುವೆಯಾದ ಹೊಸತರಲ್ಲಿ, ಪಾಪ ಎಂದುಕೊಂಡು ಒಂದು ಬಟ್ಟಲು ಪಾಯಸ ತೆಗೆದುಕೊಂಡು ಹೋಗಿದ್ದೆ. ಅಕ್ಕ ರುಚಿ ನೋಡಿ, "ಬೆಲ್ಲ ಕಡಿಮೆ, ಕನಿಕರ ಹೆಚ್ಚು" ಎಂದು ಬಟ್ಟಲು ಖಾಲಿ ಮಾಡಿ ತೊಳೆದು ಕೊಟ್ಟರು. ಅವತ್ತು ಸಿಟ್ಟು ಬಂದಿತ್ತು. ಒಂದು ವಾರ ಗೋಡೆಯ ಕಡೆ ತಲೆ ಹಾಕಿರಲಿಲ್ಲ. ಆಮೇಲೆ ಹೇಗೋ ಬಳಕೆ ಬೆಳೆಯಿತು. ನನ್ನದೂ ಅವರದೂ ನಾಲಿಗೆ ಒಂದೇ ಅಂಗಡಿಯದು ಎಂದು ನಮ್ಮವರು ಹೇಳುವುದುಂಟು.

ಅಕ್ಕನಿಗೆ ಬಿಜೈಯಲ್ಲಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಒಂದು ಟೈಲರಿಂಗ್ ಅಂಗಡಿ ಇತ್ತು. ಬ್ಲೌಸ್, ಚೂಡಿದಾರ, ಸೀರೆಗೆ ಫಾಲ್. ಅಂಗಡಿಯ ಕೋಣೆ ಅಪ್ಪನ ಕಾಲದ್ದು, ಈಗ ಅಣ್ಣನ ಹೆಸರಿನಲ್ಲಿತ್ತು. ಅಲ್ಲಿಗೆ ಬಟ್ಟೆ ಕೊಡಲು ಬಂದ ಹೆಂಗಸರು ಕೊಟ್ಟು ಹೋಗುತ್ತಿರಲಿಲ್ಲ, ಕುಳಿತುಕೊಳ್ಳುತ್ತಿದ್ದರು. ಯಾರ ಮಗಳಿಗೆ ಗಂಡು ನೋಡಿದರು, ಯಾರ ಗಂಡ ಗಲ್ಫಿನಿಂದ ಬರಲೇ ಇಲ್ಲ, ಯಾವ ಅತ್ತೆಗೆ ಸೊಸೆ ಹಾಕುವ ಬ್ಲೌಸಿನ ಬೆನ್ನಿನ ಆಳ ಹಿಡಿಸುವುದಿಲ್ಲ... ಅಕ್ಕ ಮೆಷಿನ್ ತುಳಿಯುವುದಲ್ಲ, ಮೋಟರ್ ಹಾಕಿಸಿದ್ದರು. ಆ ಸದ್ದಿನ ಮೇಲೆ ಎಲ್ಲರ ಮಾತಿಗೂ ತಮ್ಮದೊಂದು ಸೇರಿಸುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ಆ ಸುದ್ದಿಗಳೆಲ್ಲ ಗೋಡೆಯ ಮೇಲಿನಿಂದ ನನಗೆ ಸಿಗುತ್ತಿದ್ದವು.

ಹೋಗಿ ಬರಲು ಸ್ಕೂಟರ್ ಇತ್ತು. ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಚಿಕ್ಕ ಚಕ್ರ ಕೂಡಿಸಿದ ಗಾಡಿ. ಅದಕ್ಕಿಂತ ಮುಂಚೆ ಎಷ್ಟೋ ವರ್ಷ ರಿಕ್ಷಾದಲ್ಲಿ ಓಡಾಡಿದ್ದರಂತೆ. ನಮ್ಮ ಏರು ಕಂಡು ಕೆಲವರು ಬರುತ್ತಿರಲಿಲ್ಲ. ಬಂದವರು ಸಹಾಯ ಮಾಡುತ್ತೇವೆಂದು ರಟ್ಟೆ ಹಿಡಿದು ಎತ್ತುತ್ತಿದ್ದರು. "ಅಕ್ಕಿ ಮೂಟೆ ಏರಿಸಿದ ಹಾಗೆ ಏರಿಸುದು" ಎಂದು ಅಕ್ಕ ಅದನ್ನು ನೆನೆಸಿಕೊಂಡಾಗೆಲ್ಲ ಮುಖ ಸಿಂಡರಿಸುತ್ತಿದ್ದರು. ಸ್ಕೂಟರ್ ಬಂದ ಮೇಲೆ ಅವರನ್ನು ಯಾರೂ ಎತ್ತಿ ಕೂರಿಸಲಿಲ್ಲ. ಸೆರಗು ಸಿಕ್ಕಿಸಿ, ಊರುಗೋಲನ್ನು ಪಕ್ಕಕ್ಕೆ ಕಟ್ಟಿ, ತಿರುವಿನಲ್ಲಿ ಉದ್ದಕ್ಕೆ ಹಾರ್ನ್ ಹಾಕಿಕೊಂಡು ಇಳಿಯುವುದನ್ನು ನೋಡಬೇಕಿತ್ತು.

ಆ ಗಾಡಿ ಒಂದು ದಿನ ಏರಿನ ಬುಡದಲ್ಲಿ ಚರಂಡಿಯ ಎದ್ದ ಕಲ್ಲಿಗೆ ಬಡಿಯಿತು. ಅಕ್ಕನಿಗೆ ಏನೂ ಆಗಲಿಲ್ಲ. ಎಂಜಿನ್ನಿನ ಬದಿಯ ಕವರ್ ಒಡೆದು ಆಯಿಲ್ ಎಲ್ಲ ರಸ್ತೆಗೆ ಹರಿಯಿತು. ಅಂಗೈ ಅಗಲದ ಅಲ್ಯೂಮಿನಿಯಂ ತುಂಡು, ಅದರಲ್ಲಿ ಬೆರಳುದ್ದದ ಒಂದು ಬಿರುಕು. ಆಯಿಲ್ ನಿಲ್ಲದಿದ್ದರೆ ಎಂಜಿನ್ ಓಡುವಂತಿಲ್ಲ. ಮೆಕ್ಯಾನಿಕ್ ಊರೆಲ್ಲ ಹುಡುಕಿದ. ಆ ಮಾಡೆಲ್ ನಿಂತು ಕಾಲವಾಗಿತ್ತು. ಹೊಸ ಕವರ್ ಇಲ್ಲ, ಗುಜರಿಯಲ್ಲೂ ಇಲ್ಲ. ವೆಲ್ಡಿಂಗಿನವರ ಹತ್ತಿರ ಕೊಂಡುಹೋದರೆ, ಅವರು ಒಂದು ಮೂಲೆಗೆ ಮುಟ್ಟಿಸಿ ನೋಡಿ, ಅಂಚು ಕರಗಿ ಹೋಗುತ್ತಿದೆ, ಹಳೆಯ ತೆಳು ಎರಕ, ಇದರ ಮೇಲೆ ಕೈ ಇಡುವುದಿಲ್ಲ ಎಂದು ವಾಪಸು ಕಳಿಸಿದರು. ಮೆಕ್ಯಾನಿಕ್ ಕವರನ್ನು ಅಕ್ಕನ ಕೈಗೆ ಕೊಟ್ಟು, ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಹೋದ.

ಅಣ್ಣ ತೊಕ್ಕೊಟ್ಟಿನಿಂದ ಬಂದದ್ದು ಆಗಲೇ. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಂಗಿ ಬಿದ್ದಳೆಂದು ಕೇಳಿ ಹೋಟೆಲಿನ ಗಲ್ಲೆ ಬಿಟ್ಟು ಓಡಿ ಬಂದಿದ್ದರು. ಆದರೆ ಹೆದರಿದ ಗಂಡಸರು ಬೇಗ ತೀರ್ಮಾನಕ್ಕೆ ಬರುತ್ತಾರೆ. ಅಂಗಡಿಯನ್ನು ಮೊಬೈಲ್ ರಿಪೇರಿಯವರೊಬ್ಬರು ಬಾಡಿಗೆಗೆ ಕೇಳುತ್ತಿದ್ದಾರೆ, ಮುಂದಿನ ತಿಂಗಳ ಒಂದರಿಂದ ಕೊಟ್ಟುಬಿಡುವುದು ಎಂದರು. ಹೊಸ ಸ್ಕೂಟರ್ ತೆಗೆದು, ಅದಕ್ಕೆ ಚಕ್ರ ಕೂಡಿಸಿ, ರಿಜಿಸ್ಟ್ರೇಷನ್ ಮಾಡಿಸುವಷ್ಟರಲ್ಲಿ ತಿಂಗಳುಗಟ್ಟಲೆ ಹೋಗುತ್ತದೆ. ಅದು ಅಣ್ಣನಿಗೆ ಬೇಕಾಗಿಯೂ ಇರಲಿಲ್ಲ.

"ಕೂತುಕೊಂಡು ಮಾಡುವ ಕೆಲಸ ಅಲ್ವಾ? ಮನೆಯಲ್ಲೇ ಕೂತುಕೊಂಡು ಮಾಡು" ಎಂದರು. "ಬಟ್ಟೆ ತಂದುಕೊಡ್ಲಿಕ್ಕೆ ನನ್ನ ಜನ ಉಂಟು."

"ಬಟ್ಟೆ ಬರ್ತದೆ ಅಣ್ಣ" ಎಂದರು ಅಕ್ಕ. "ನಾನು ಎಲ್ಲಿಗೆ ಹೋಗುದು?"

ನಾನು ಗೋಡೆಯ ಈಚೆ ಬಟ್ಟೆ ಒಣಗಿಸುತ್ತಿದ್ದೆ. ಒದ್ದೆ ಬೆಡ್‌ಶೀಟ್ ಕೈಯಲ್ಲೇ ಉಳಿಯಿತು. ಅಣ್ಣನಿಗೆ ಆ ಪ್ರಶ್ನೆ ಅರ್ಥವಾಯಿತೋ ಇಲ್ಲವೋ, ವಾಚು ನೋಡಿಕೊಂಡರು. ಆಗ ಅಕ್ಕ, ಒಂದನೇ ತಾರೀಕಿಗೆ ನಾನೇ ಗಾಡಿಯಲ್ಲಿ ಬಂದು ಶಟರ್ ತೆಗೆದರೆ ಮೊಬೈಲಿನವರಿಗೆ ಇಲ್ಲ ಅನ್ನಬೇಕು ಎಂದು ಮಾತು ಕೊಡಲು ಕೇಳಿದರು. ಅಣ್ಣ ಅಂಗಳದಲ್ಲಿ ಹೊಟ್ಟೆ ಬಗೆದ ಹಾಗೆ ನಿಂತಿದ್ದ ಸ್ಕೂಟರನ್ನೊಮ್ಮೆ ನೋಡಿ, ಆಗಲಿ ಎಂದು ಒಪ್ಪಿದರು. ಆಗುವ ಮಾತಲ್ಲ ಎಂಬ ಧೈರ್ಯ ಅವರಿಗೆ.

ಅಕ್ಕನಿಗೆ ಉಪಾಯ ಸಿಕ್ಕಿದ್ದು ಮೊಬೈಲಿನಲ್ಲಿ. ಯಾರೋ ಒಬ್ಬ ಒಡೆದ ಅಲ್ಯೂಮಿನಿಯಂ ತುಂಡನ್ನು ಕಾಯಿಸಿ, ಅಗರಬತ್ತಿಯಂಥ ಒಂದು ಕಡ್ಡಿಯನ್ನು ಅದಕ್ಕೆ ತಾಗಿಸುತ್ತಾನೆ. ಕಡ್ಡಿ ಬೆಣ್ಣೆಯ ಹಾಗೆ ಕರಗಿ ಬಿರುಕಿನೊಳಗೆ ಇಳಿದುಬಿಡುತ್ತದೆ. ಅಲ್ಯೂಮಿನಿಯಂ ಕರಗುವುದಕ್ಕಿಂತ ತುಂಬ ಕಡಿಮೆ ಬಿಸಿಗೇ ಈ ಕಡ್ಡಿ ಕರಗುತ್ತದಂತೆ, ವೆಲ್ಡಿಂಗ್ ಮೆಷಿನ್ ಬೇಡವಂತೆ. ಬ್ರೇಜಿಂಗ್ ಕಡ್ಡಿ ಎಂದು ಹೆಸರು. ಅಕ್ಕ ಕಡ್ಡಿಯನ್ನೂ, ಕೈಯಲ್ಲಿ ಹಿಡಿದು ಬೆಂಕಿ ಉಗುಳಿಸುವ ಒಂದು ಗ್ಯಾಸ್ ಟಾರ್ಚನ್ನೂ ಆನ್‌ಲೈನಿನಲ್ಲಿ ತರಿಸಿದರು. ಪಾರ್ಸೆಲ್ ಬಂದ ದಿನ ಗೋಡೆಯ ಆಚೆಯಿಂದ ನನಗೆ ಕರೆ ಬಂತು.

ಒಂದು ಕೈ ಕಡ್ಡಿಗೆ, ಇನ್ನೊಂದು ಕೈ ಇಕ್ಕಳಕ್ಕೆ. ಟಾರ್ಚಿಗೆ ಮೂರನೆಯ ಕೈ ಬೇಕು, ಅದು ನನ್ನದು. ನನಗೋ ಗ್ಯಾಸ್ ಎಂದರೆ ಪ್ರಾಣಭಯ. ಸಿಲಿಂಡರ್ ಬದಲಾಯಿಸಲೂ ನಮ್ಮವರೇ ಬೇಕು. ತಲೆ ಕೆಟ್ಟಿದೆಯಾ ಅಕ್ಕ, ಇದೆಲ್ಲ ನಮ್ಮಂಥವರ ಕೆಲಸವಾ ಎಂದೆ. "ನಮ್ಮಂಥವರು ಅಂದ್ರೆ ಎಂಥವರು?" ಎಂದು ಅಕ್ಕ ನನ್ನ ಮುಖ ನೋಡಿದರು. ಟಾರ್ಚ್ ಹಿಡಿದೆ.

ಮೊದಲ ದಿನ ನಗೆಪಾಟಲಾಯಿತು. ಕಡ್ಡಿ ಕರಗಿತೇನೋ ಹೌದು. ಆದರೆ ಬಿರುಕಿನೊಳಗೆ ಇಳಿಯುವ ಬದಲು ಗುಂಡಗೆ ಮಣಿಯಾಗಿ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಕೆಳಗೆ ಬಿತ್ತು. ಇನ್ನೊಂದು ಮಣಿ, ಮತ್ತೊಂದು ಮಣಿ. ಜೊತೆಗೆ ದಟ್ಟ ಹೊಗೆ, ಕಣ್ಣುರಿ, ಮತ್ತು ಅಡುಗೆಮನೆಯ ವಾಸನೆ. ನಾನು ಮೂಗೆಳೆದುಕೊಂಡು, ಅಕ್ಕ, ಇದೆಂತ ಹಪ್ಪಳ ಕಾಯಿಸಿದ ಹಾಗೆ ಪರಿಮಳ ಎಂದೆ. ಅಕ್ಕ ಟಾರ್ಚ್ ಆರಿಸಲು ಹೇಳಿ ಹಣೆ ಚಚ್ಚಿಕೊಂಡರು. ಕವರ್ ಕೈಗೆ ಬಂದ ದಿನ ಅವರು ಅದನ್ನು ಚೆನ್ನಾಗಿ ಒರೆಸಿ, ತೆಂಗಿನೆಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ನಮ್ಮೂರಿನಲ್ಲಿ ಅದನ್ನು ಯಾರಾದರೂ ಹೇಳಿಕೊಡಬೇಕೇ? ಉಪ್ಪುಗಾಳಿಗೆ ಕತ್ತಿ, ಕತ್ತರಿ, ಬೀಗ, ಮೆಷಿನ್ನು, ಯಾವುದನ್ನೇ ಎತ್ತಿಡುವುದಿದ್ದರೂ ಮೊದಲು ಎಣ್ಣೆ. ತುಕ್ಕೇ ಹಿಡಿಯದ ಅಲ್ಯೂಮಿನಿಯಮ್ಮಿಗೂ ಎಣ್ಣೆ. ಅದು ಬಿರುಕಿನ ಒಳಗೆಲ್ಲ ಇಳಿದು ಕುಳಿತಿತ್ತು. ಎಣ್ಣೆ ಇದ್ದಲ್ಲಿ ಆ ಕಡ್ಡಿ ಸುತರಾಂ ಹಿಡಿಯುವುದಿಲ್ಲ.

ಹಿಡಿಯುವುದಿಲ್ಲವೆಂದು ಬಿಡುವ ಹೆಂಗಸಾಗಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಹಳೆಯ ಪಾತ್ರೆಯೊಂದರಲ್ಲಿ ಸೋಪಿನ ಪುಡಿ ಹಾಕಿ ಕವರನ್ನು ಬಟ್ಟೆ ಬೇಯಿಸಿದ ಹಾಗೆ ಬೇಯಿಸಿದರು. ಸ್ಟೀಲಿನ ಹೊಸ ಬ್ರಷ್ ತರಿಸಿ ತಿಕ್ಕಿದರು. ಪಾತ್ರೆ ತಿಕ್ಕುವ ಬ್ರಷ್ ನಡೆಯದು, ಅದರಲ್ಲೂ ಜಿಡ್ಡಿದೆ ಎಂದು ಅದನ್ನು ಮುಟ್ಟಲಿಲ್ಲ. ಕಾಯಿಸಿದಾಗೆಲ್ಲ ಬಿರುಕಿನಿಂದ ಕಂದು ಬಣ್ಣದ ಎಣ್ಣೆ ಬೆವರಿನ ಹಾಗೆ ಹೊರಗೆ ಬರುತ್ತಿತ್ತು, ಒರೆಸುತ್ತಿದ್ದರು, ಮತ್ತೆ ಕಾಯಿಸುತ್ತಿದ್ದರು. ಟಾರ್ಚಿನ ಬಿಸಿಯೊಂದೇ ಅಷ್ಟಗಲದ ತುಂಡಿಗೆ ಸಾಲುತ್ತಿರಲಿಲ್ಲ. ಬಚ್ಚಲ ಒಲೆಗೆಂದು ಇಟ್ಟಿದ್ದ ತೆಂಗಿನ ಗೆರಟೆಗಳನ್ನು ಹಿತ್ತಲಿನಲ್ಲಿ ಉರಿಸಿ ಕೆಂಡ ಮಾಡಿ, ಕವರನ್ನು ಅದರ ಮೇಲಿಟ್ಟು, ಮೇಲಿನಿಂದ ಟಾರ್ಚ್ ಹಿಡಿಯುವುದು ಎಂದಾಯಿತು. ಗೆರಟೆ ಕೆಂಡದ ಯೋಚನೆ ನನ್ನದು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಕೆಂಡ ಬಂದ ಮೇಲೆ ಹೊಸ ತಲೆನೋವು. ಕವರಿಗೆ ಕೈ ಹಾಕುವ ಮೊದಲು ಒಂದು ಹಳೆಯ ಅಲ್ಯೂಮಿನಿಯಂ ಮುಚ್ಚಳದ ಮೇಲೆ ಅಭ್ಯಾಸ ಮಾಡುತ್ತಿದ್ದೆವು. ಕಬ್ಬಿಣವಾದರೆ ಕೆಂಪಾಗುತ್ತದೆ, ಬಿಸಿ ಎಷ್ಟೆಂದು ಕಣ್ಣಿಗೆ ತಿಳಿಯುತ್ತದೆ. ಅಲ್ಯೂಮಿನಿಯಂ ಏನನ್ನೂ ತೋರಿಸುವುದಿಲ್ಲ. ಬೆಳ್ಳಗೆ ಇದ್ದದ್ದು ಬೆಳ್ಳಗೇ ಇತ್ತು, ನೋಡುತ್ತಿದ್ದ ಹಾಗೆ ಮುಚ್ಚಳದ ನಡುಭಾಗ ಜೋತು, ಕುಸಿದು, ಕೆಂಡದೊಳಗೆ ಹೋಯಿತು. ಕವರಿಗೆ ಹೀಗಾದರೆ ಕಥೆ ಮುಗಿಯಿತು, ಇನ್ನೊಂದು ಕವರ್ ಇಲ್ಲ. ಕಡಿಮೆ ಕಾಯಿಸಿದರೆ ಹಿಡಿಯುವುದಿಲ್ಲ, ಹೆಚ್ಚು ಕಾಯಿಸಿದರೆ ಉಳಿಯುವುದಿಲ್ಲ.

ಅವತ್ತು ಸಂಜೆ ಅಣ್ಣನೂ ಬಂದಿದ್ದರು. ಹಿತ್ತಲಿನ ಬೂದಿ, ಕರಗಿದ ಮುಚ್ಚಳ, ಮಸಿ ಹಿಡಿದ ತಂಗಿಯ ಕೈ, ಎಲ್ಲ ನೋಡಿ, ಸಿಟ್ಟಿಗಿಂತ ಸಂಕಟದಿಂದ, ಇದು ಬೇಕಾ ಎಂದು ಕೇಳಿದರು. ಬೆಂಕಿ ಹತ್ತಿಕೊಂಡರೆ ಎದ್ದು ಓಡಲೂ ಆಗುವುದಿಲ್ಲ ನಿನಗೆ ಎಂದುಬಿಟ್ಟರು. ಬಾಯಿಂದ ಬಂದ ಮೇಲೆ ಅವರಿಗೇ ಕೆಡುಕೆನಿಸಿತು. ಅಕ್ಕ ಊರುಗೋಲು ಎತ್ತಿಕೊಂಡು ಒಳಗೆ ಹೋದರು. ಮರುದಿನ ನನ್ನನ್ನು ಕರೆಯಲಿಲ್ಲ, ಅದರ ಮರುದಿನವೂ ಇಲ್ಲ. ನನಗೆ ಅಡುಗೆಯಲ್ಲಿ ಮನಸ್ಸಿಲ್ಲ. ಒಂದನೇ ತಾರೀಕು ಹತ್ತಿರ ಬರುತ್ತಿತ್ತು. ಗ್ಯಾಸಿಗೆ ಹೆದರುವ ನಾನು ಗೋಡೆಯ ಬಳಿ ಹೋಗಿ ಹೋಗಿ ನೋಡುತ್ತಿದ್ದೆ...

ಆಮೇಲೆ ಒಂದು ಮಧ್ಯಾಹ್ನ ಕರೆ ಬಂತು, ಗೋಡೆಯ ಮೇಲಿನ ಹೆಂಚು ಬೀಳುವಷ್ಟು ಜೋರಾಗಿ. ಹೋಗಿ ನೋಡಿದರೆ ಅಕ್ಕನ ಕೈಯಲ್ಲಿ ಸವೆದ ಸಾಬೂನಿನ ಒಂದು ಚೂರು. ಟೈಲರುಗಳು ಗಾಢ ಬಣ್ಣದ ಬಟ್ಟೆಗೆ ಸೀಮೆಸುಣ್ಣದ ಬದಲು ಒಣಗಿದ ಸಾಬೂನಿನಿಂದ ಗೀಟು ಹಾಕುತ್ತಾರೆ, ಒಗೆದರೆ ಹೋಗಿಬಿಡುತ್ತದೆ ಎಂದು. ಯಾವ ಕೆಲಸಕ್ಕೂ ಮೊದಲು ಗೀಟು ಹಾಕುವುದು ಅಕ್ಕನ ಕೈಗೆ ಅಂಟಿದ ಅಭ್ಯಾಸ. ಹಾಗೆಯೇ ಒಂದು ಹಳೆಯ ಅಲ್ಯೂಮಿನಿಯಂ ಬೋಗುಣಿಯ ಒಡಕಿನ ಸುತ್ತ ಗೀಟು ಎಳೆದು, ಟಾರ್ಚನ್ನು ಕಲ್ಲಿಗೆ ಆನಿಸಿಟ್ಟು ಒಬ್ಬರೇ ಕಾಯಿಸಿದ್ದಾರೆ. ಬಿಸಿಯೇರಿದ ಹಾಗೆ ಸಾಬೂನಿನ ಗೀಟು ಕಂದಾಯಿತು, ಆಮೇಲೆ ಕಪ್ಪಾಯಿತು. ಕಪ್ಪಾದಾಗ ಕಡ್ಡಿ ತಾಗಿಸಿದರೆ ಕರಗಿ ಹಿಡಿಯಿತು.

ನನ್ನೆದುರಿಗೆ ಮತ್ತೆ ಮಾಡಿ ತೋರಿಸಿದರು. ಬಿಳಿ ಗೀಟು, ಕಂದು ಗೀಟು, ಕಪ್ಪು ಗೀಟು. "ಈಗ!" ಎಂದು ಕಡ್ಡಿ ಇಟ್ಟರು. ಮಣಿಯಾಗಲಿಲ್ಲ, ಉರುಳಲಿಲ್ಲ, ಒದ್ದೆಯಾದ ಹಾಗೆ ಹರಡಿ ಒಡಕಿನೊಳಗೆ ಹೋಯಿತು. ನಾನು ಕುಣಿದುಬಿಟ್ಟೆ, ಟಾರ್ಚ್ ಕೈಯಲ್ಲಿದೆ ಎಂಬುದೂ ಮರೆತು. ಅಕ್ಕ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ, ಅದು ತುಳುವಿನಲ್ಲಿತ್ತು.

ಇನ್ನೊಂದು ಕೆಲಸವನ್ನೂ ಅವರು ಹೊಲಿಗೆಯಿಂದಲೇ ತಂದರು. ಚೂಡಿದಾರದ ಬದಿಯ ಸೀಳು ಮೇಲಕ್ಕೆ ಹರಿಯಬಾರದೆಂದು ಅದರ ತುದಿಯಲ್ಲಿ ಬಿಗಿಯಾಗಿ ನಾಲ್ಕು ಹೊಲಿಗೆ ಹಾಕುತ್ತಾರೆ. ಬಿರುಕಿಗೂ ತುದಿ ಇರುತ್ತದೆ, ಅದನ್ನು ಕಟ್ಟದೆ ನಡುವೆ ಮುಚ್ಚಿದರೆ ಮುಂದೆ ಹರಿಯುತ್ತದೆ ಎಂದು ಎರಡೂ ಕೊನೆಗೆ ಸೂಜಿಗಣ್ಣಿನಷ್ಟು ತೂತು ಕೊರೆಸಿದರು. ಕೊರೆದುಕೊಟ್ಟ ಮೆಕ್ಯಾನಿಕ್ ಇದನ್ನು ಯಾರು ಹೇಳಿದರೆಂದು ಕೇಳಿದನಂತೆ. ಚೂಡಿದಾರ ಹೇಳಿತು ಎಂದರಂತೆ ಅಕ್ಕ.

ಕವರಿಗೆ ಬೆಸುಗೆ ಹಾಕಿದ ದಿನ ಗೆರಟೆ ಕೆಂಡ ಹದವಾಗಿ ಬಿದ್ದಿತ್ತು. ಬಿರುಕಿನಿಂದ ಸ್ವಲ್ಪ ದೂರಕ್ಕೆ, ಸುತ್ತಲೂ ಸಾಬೂನಿನ ಗೀಟು. ಎಡಗೈಯಿಂದ ಬಲಗೈ ಹಿಡಿದುಕೊಂಡು ಟಾರ್ಚ್ ಆಡಿಸುತ್ತಿದ್ದೆ. ಗೀಟು ಕಪ್ಪಾಯಿತು. ಅಕ್ಕ ಕಡ್ಡಿಯ ತುದಿಯಿಂದ ಬಿರುಕನ್ನು ಗೀರುತ್ತ ಗೀರುತ್ತ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋದರು. ಗೀರದಿದ್ದರೆ ಮೇಲಿನ ಕಾಣದ ಪೊರೆ ಬಿಡುವುದಿಲ್ಲ, ಬೆಸುಗೆ ಕೂರುವುದಿಲ್ಲ. ಮುಗಿದಾಗ ನಾನು ತಣಿಸಲೆಂದು ನೀರಿನ ಚೊಂಬು ಎತ್ತಿಕೊಂಡೆ. ನನ್ನ ಕೈಗೊಂದು ಏಟು ಬಿತ್ತು. ಅದರ ಪಾಡಿಗೆ ಅದು ತಣಿಯಬೇಕು, ನೀರು ಹಾಕಿದರೆ ಮತ್ತೆ ಒಡೆಯುತ್ತದೆ. ಅದು ತಣಿಯುವ ತನಕ ನಾವು ಕಲ್ಲಿನ ಮೇಲೆ ಕುಳಿತು ಚಾ ಕುಡಿದೆವು.

ಕವರಿನೊಳಗೆ ಡೀಸೆಲ್ ತುಂಬಿ, ಕೆಳಗೆ ಪೇಪರ್ ಹಾಸಿ ಇಟ್ಟು ನೋಡಿದರೆ ಒಂದು ಕೊನೆಯಲ್ಲಿ ಸಣ್ಣಗೆ ಒಸರಿತ್ತು. ಪೇಪರಿನ ಮೇಲೆ ನಾಣ್ಯದಗಲದ ಕಲೆ. ನನಗೆ ಅಳುವೇ ಬಂತು. ಡೀಸೆಲ್ ತಾಗಿದ ಮೇಲೆ ಬೇಯಿಸುವುದು, ತಿಕ್ಕುವುದು, ಕಾಯಿಸುವುದು ಎಲ್ಲ ಮೊದಲಿನಿಂದ. ಸಾಕು ಅಕ್ಕ, ಇನ್ನು ನಾಡಿದ್ದೇ ಒಂದನೇ ತಾರೀಕು ಎಂದೆ.

"ಒಂದು ಹೊಲಿಗೆ ಬಿಟ್ಟದ್ದಕ್ಕೆ ಬ್ಲೌಸ್ ಬಿಸಾಡ್ತಾರಾ?" ಎಂದರು. ಸೋಪಿನ ಪುಡಿಯ ಡಬ್ಬಿ ಎತ್ತಿಕೊಂಡಾಗಿತ್ತು.

ಎರಡನೆಯ ಸಲ ಪೇಪರ್ ಒಣಗಿದ್ದಂತೆಯೇ ಉಳಿಯಿತು. ಮೆಕ್ಯಾನಿಕ್ ಬಂದು, ಬೆಸುಗೆಯ ಮೇಲೆ ಉಗುರು ಎಳೆದು ನೋಡಿ, ಚಂದ ಇಲ್ಲ ಎಂದ. ಚಂದ ನಿಜವಾಗಿಯೂ ಇರಲಿಲ್ಲ, ಮಾಯುತ್ತಿರುವ ಗಾಯದ ಹಾಗೆ ಉಬ್ಬುತಗ್ಗಾಗಿತ್ತು. ಒಳಗಿನ ಹೊಲಿಗೆ ಯಾರು ನೋಡುತ್ತಾರೆ ಎಂದು ಅಕ್ಕ ಅವನ ಕೈಗೆ ಸ್ಪ್ಯಾನರ್ ಕೊಟ್ಟರು. ಕೂಡಿಸಿ, ಆಯಿಲ್ ತುಂಬಿ, ಎಂಜಿನ್ ಸ್ಟಾರ್ಟ್ ಮಾಡಿ, ಬಿಸಿಯಾಗುವ ತನಕ ಓಡಿಸಿ, ಮೂವರೂ ಬಗ್ಗಿ ನೆಲ ನೋಡಿದೆವು. ಒಂದು ತೊಟ್ಟೂ ಬಿದ್ದಿರಲಿಲ್ಲ.

ಒಂದನೇ ತಾರೀಕು ಬೆಳಿಗ್ಗೆ ನಮ್ಮ ಗೇಟಿನಲ್ಲಿ ಹಾರ್ನ್. ಹಿಂದೆ ಕೂತುಕೋ ಎಂದರು. ಹೆದರಿಕೆಯಿಂದಲೇ ಕುಳಿತೆ. ಏರು ಇಳಿದು, ಕೆರೆಯ ಬದಿಯಿಂದ ಮುಖ್ಯರಸ್ತೆ ಸೇರಿ ಬಿಜೈ ಮುಟ್ಟುವಾಗ ಅಂಗಡಿಯ ಮುಂದೆ ಅಣ್ಣ ನಿಂತಿದ್ದರು, ಮೊಬೈಲಿನವರಿಗೆ ಕೋಣೆ ತೋರಿಸಲು ಬಂದಿದ್ದರೆಂದು ಕಾಣುತ್ತದೆ. ಗಾಡಿಯ ಸುತ್ತ ಒಂದು ಸುತ್ತು ಬಂದರು. ಶಟರಿನ ಬೀಗ ನೆಲಕ್ಕೆ ತಾಗಿಕೊಂಡಿರುತ್ತದೆ, ಅದನ್ನು ತೆಗೆಯುವಾಗ ದಿನವೂ ಅಕ್ಕ ಊರುಗೋಲು ಗೋಡೆಗೆ ಒರಗಿಸಿ ಒಂದು ಕೈಯಲ್ಲಿ ಕಂಬ ಹಿಡಿದು ಬಗ್ಗಬೇಕಿತ್ತು. ಅವತ್ತು ಅಣ್ಣ ಕೈ ಚಾಚಿ ಬೀಗದಕೈ ತೆಗೆದುಕೊಂಡರು, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಮೊಣಕಾಲೂರಿ ಬೀಗ ತೆಗೆದರು, ಶಟರ್ ಮೇಲಕ್ಕೆತ್ತಿದರು. "ಒಳಗೆ ಧೂಳುಂಟು, ನೋಡಿಕೊ" ಎಂದು ಹೇಳಿ ರಸ್ತೆ ದಾಟಿ ಹೋದರು. ಅಕ್ಕ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನೋಡಲಿಲ್ಲವೆಂಬ ಹಾಗೆ ಪೊರಕೆ ಹುಡುಕಿದೆ.

ಸುದ್ದಿ ಹರಡದೆ ಇರುತ್ತದೆಯೇ? ನೆರೆಕರೆಯವರು ಒಡೆದದ್ದೆಲ್ಲ ತರತೊಡಗಿದರು. ಅಕ್ಕ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಕಾಲು ಬೆಸೆದುಕೊಟ್ಟರು, ಒಬ್ಬರ ಏಣಿಯನ್ನು ಮಾತ್ರ ಹತ್ತಿ ಬಿದ್ದರೆ ಹೊಣೆಗೆ ನಾನು ಜನವಲ್ಲ ಎಂದು ವಾಪಸು ಕಳಿಸಿದರು. ಉಣ್ಣುವ ಪಾತ್ರೆಗೆ ಆ ಕಡ್ಡಿ ಮುಟ್ಟಿಸಬಾರದು, ಕುಕ್ಕರಿನ ಹೆಸರನ್ನಂತೂ ಎತ್ತಲೇಬಾರದು. ಕುಕ್ಕರ್ ತಂದವರೊಬ್ಬರು ಬೇಸರದಿಂದ ಮಾತು ಬಿಟ್ಟರು. ಭಾನುವಾರಗಳಲ್ಲಿ ಅಕ್ಕ ಸ್ಕೂಟರಿನ ಕೆಳಗೆ ಪೇಪರ್ ಹಾಸಿಡುತ್ತಿದ್ದರು, ಸಂಜೆ ಎತ್ತಿ ಬೆಳಕಿಗೆ ಹಿಡಿದು ನೋಡಿ, ಗೋಡೆಯ ಮೇಲಿನಿಂದ ನನಗೂ ತೋರಿಸುತ್ತಿದ್ದರು. ಬೆಸುಗೆ ಕೊನೆಯ ತನಕ ಬಿಡಲಿಲ್ಲ.

ಬಿಟ್ಟದ್ದು ಅಕ್ಕನ ಹೃದಯ. ಹಲವು ವರ್ಷ ಕಳೆದ ಮೇಲೆ, ಒಂದು ಮ‌ಧ್ಯಾಹ್ನ ಊಟವಾದ ಬಳಿಕ, ಅಂಗಡಿಯಲ್ಲಿ. ಮೆಷಿನ್ನಿನ ಮೇಲೆ ತಲೆ ಬಗ್ಗಿಸಿ ಕುಳಿತಿದ್ದರಂತೆ. ಎದುರಿಗೆ ಬೆಂಚಿನಲ್ಲಿದ್ದ ಹೆಂಗಸು, ಅಕ್ಕ ಸೂಜಿಗೆ ನೂಲು ಪೋಣಿಸುತ್ತಿದ್ದಾರೆಂದು ತಿಳಿದು, ತನ್ನ ಮಗಳ ನಾದಿನಿಯ ಕಥೆಯನ್ನು ಪೂರ್ತಿ ಹೇಳಿ ಮುಗಿಸಿದಳಂತೆ...

ಮನೆಗೆ ತಂದು ಚಾವಡಿಯಲ್ಲಿ ಮಲಗಿಸಿದಾಗ ಅಣ್ಣ ಗೋಡೆಗೆ ತಲೆ ಆನಿಸಿ ನಿಂತಿದ್ದರು. ನಾನು ಹತ್ತಿರ ಹೋದೆ. ನನ್ನನ್ನು ನೋಡಿದ್ದೇ ತಡ, ಅವರೊಳಗಿದ್ದದ್ದು ಹೊರಗೆ ಬಂತು.

"ಅವತ್ತು ನೀವು ಅವಳಿಗೆ ಸಹಾಯ ಮಾಡದಿದ್ರೆ ಆಗ್ತಿತ್ತು. ಗಾಡಿ ಸರಿಯಾಗ್ತಿರ್ಲಿಲ್ಲ. ಮನೆಯಲ್ಲಿ ಇರ್ತಿದ್ದಳು. ಯಾರಾದ್ರೂ ನೋಡ್ತಿದ್ರು, ಆಸ್ಪತ್ರೆಗೆ ಕೊಂಡುಹೋಗ್ತಿದ್ರು... ಇವತ್ತು ಇರ್ತಿದ್ದಳು."

ಸಾವಿನ ಮನೆ, ಸುತ್ತ ಜನ, ಎದುರಿಗಿರುವವರು ತಂಗಿಯನ್ನು ಕಳೆದುಕೊಂಡವರು. ಸುಮ್ಮನಿರಬೇಕಿತ್ತು ಎಂದು ನಮ್ಮವರು ಈಗಲೂ ಹೇಳುತ್ತಾರೆ. ನನಗೆ ಸುಮ್ಮನಿರಲಾಗಲಿಲ್ಲ.

"ಮನೆಯಲ್ಲಿ ಕೂರಿಸಿದ್ರೆ ಅವರು ಆ ವರ್ಷವೇ ಹೋಗ್ತಿದ್ರು ಅಣ್ಣ" ಎಂದೆ. "ನಮಗೆ ಗೊತ್ತಾಗ್ತಿರ್ಲಿಲ್ಲ, ಅಷ್ಟೆ."

ಅವರು ನನ್ನನ್ನು ಹೊಡೆಯುತ್ತಾರೇನೋ ಎನಿಸಿತು. ಹೊಡೆಯಲಿಲ್ಲ. ನೆಲಕ್ಕೆ ಕುಸಿದು ಕುಳಿತು ಮಗುವಿನ ಹಾಗೆ ಅತ್ತರು. ನಾನೂ ಪಕ್ಕದಲ್ಲಿ ಕುಳಿತೆ. ಆಮೇಲೆ ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಕೂರುವಾಗ ಅವರೇ ಬಂದು ನನ್ನ ಎಲೆಗೆ ಬಡಿಸಿದರು. ಸ್ಕೂಟರನ್ನು ಗುಜರಿಗೆ ಕೊಡದೆ ತೊಕ್ಕೊಟ್ಟಿಗೆ ಸಾಗಿಸಿದರು. ಏನು ಮಾಡಿದರೋ ನಾನು ಕೇಳಲಿಲ್ಲ.

ಅವತ್ತು ಹೇಳಿದ ಮಾತು ಸರಿಯೆಂದು ನನಗೆ ಈಗಲೂ ಅನಿಸುತ್ತದೆ. ಆದರೆ ಸರಿಯಾದ ಮಾತಿನಿಂದ ಮನುಷ್ಯರು ವಾಪಸು ಬರುವುದಿಲ್ಲ. ಒಂದೊಂದು ದಿನ, ಮನೆಯಲ್ಲೇ ಇದ್ದಿದ್ದರೆ ಇನ್ನೂ ಸ್ವಲ್ಪ ಕಾಲ ಸಿಗುತ್ತಿದ್ದರೇನೋ ಎಂಬ ಆಸೆ ನನಗೂ ಹುಟ್ಟುತ್ತದೆ. ಅದು ನನ್ನ ಸ್ವಾರ್ಥ. ಅಕ್ಕನ ಮುಂದೆ ಹೇಳಿದ್ದರೆ ಚೆನ್ನಾಗಿ ಉಗಿಸಿಕೊಳ್ಳುತ್ತಿದ್ದೆ. ಉಗಿಸಿಕೊಳ್ಳುವುದಕ್ಕಾದರೂ ಬೇಕಿತ್ತು ಅವರು.

ಮೊನ್ನೆ ಹೊಗೆಯೆಲ್ಲ ಹೋದ ಮೇಲೆ, ಕಾವಲಿ ತಿಕ್ಕಲೆಂದು ಹಿತ್ತಲಿಗೆ ಹೋದೆ. ಗೋಡೆಯ ಆಚೆ ಈಗ ಬಾಡಿಗೆಗೆ ಒಂದು ಸಣ್ಣ ವಯಸ್ಸಿನ ಜೋಡಿ ಇದೆ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು, ನನ್ನನ್ನು ಆಂಟಿ ಅನ್ನುತ್ತಾರೆ, ಕಂಡರೆ ನಗುತ್ತಾರೆ. ಏನು ಕೆಟ್ಟರೂ ಫೋನ್ ಮಾಡುತ್ತಾರೆ, ಯಾರೋ ಬಂದು ಸರಿಮಾಡಿ ಹೋಗುತ್ತಾರೆ. ನನ್ನನ್ನು ಯಾವುದಕ್ಕೂ ಕರೆಯುವುದಿಲ್ಲ.